ಪರಲೋಕರಾಜ್ಯ: ಬಳಸುವ ಕ್ರಮ

ಕೊಳವೆಬಾವಿಗೆ ಹೊಸ ಮೋಟಾರ್ ತಂದಾಗ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಪುಸ್ತಕ ಬರುತ್ತದೆ. ಅದನ್ನು ಓದಿದವರನ್ನು ನಾನು ನಮ್ಮ ಹುಲಿಕುಂಟೆ ಸೀಮೆಯಲ್ಲಿ ಇದುವರೆಗೆ ಕಂಡಿಲ್ಲ. ಮೋಟಾರ್ ಸುಟ್ಟುಹೋಗಿ, ಮೆಕ್ಯಾನಿಕ್ ಬರುವ ತನಕ ಹೊತ್ತು ಹೋಗದಿದ್ದಾಗ ಅಟ್ಟದಿಂದ ಹುಡುಕಿ ತೆಗೆಯುತ್ತೇವೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇರುತ್ತದೆ: ನೀರಿಲ್ಲದೆ ಓಡಿಸಬಾರದು.

ಪರಲೋಕರಾಜ್ಯ ಹೇಗಿರುತ್ತದೆಂದು ಯೇಸು ಹೇಳಿದ ಕತೆಗಳ ಪಾಡೂ ಇದೇ. ಅವು ನಮ್ಮ ಕಡೆಗೆ ಬಂದು ಬಹಳ ಕಾಲವಾಯಿತು. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ ಬಿಡಾರ ಹೂಡಿದರು. ಅಂದಿನಿಂದ ಸಾಮಾನು ಮನೆಯಲ್ಲೇ ಇದೆ, ಕೈಪಿಡಿ ಮಾತ್ರ ಅಟ್ಟದ ಮೇಲಿದೆ. ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಒಣಬೇಸಾಯಗಾರರ ಅನುಕೂಲಕ್ಕಾಗಿ ಈ ಸರಳ ಬಳಕೆ ಕ್ರಮ. ಯಾವ ಜಾತಿ ಮತದವರೂ ಓದಬಹುದು. ಈ ಕತೆಗಳಲ್ಲಿ ಬರುವವರು ಹೆಚ್ಚಾಗಿ ಬಿತ್ತುವವರು, ಕೂಲಿಯವರು, ಕುರಿಯವರು, ಸಾಲಗಾರರು. ಅಂದರೆ ನಾವೇ.

1. ಪೆಟ್ಟಿಗೆಯೊಳಗಿನ ಸಾಮಾನು

ಬಿತ್ತನೆ ಬೀಜ, ಒಂದು ಚೀಲ. ಸಾಸಿವೆ ಕಾಳು, ಒಂದು. ಹುಳಿಹಿಟ್ಟು, ಚಿಟಿಕೆ. ಹೊಲದಲ್ಲಿ ಹೂತ ನಿಧಿ, ನಕ್ಷೆ ಇಲ್ಲದ್ದು. ಮುತ್ತು, ಒಂದು. ಮೀನಿನ ಬಲೆ. ದೀಪ ಹತ್ತು, ಅದರಲ್ಲಿ ಐದಕ್ಕೆ ಮಾತ್ರ ಹೆಚ್ಚುವರಿ ಎಣ್ಣೆ. ಕುರಿ ನೂರು. ದಯವಿಟ್ಟು ಎಣಿಸಿಕೊಳ್ಳಿ, ಒಂದು ಕಡಿಮೆ ಇರುತ್ತದೆ. ಅದು ಕಂಪನಿಯ ತಪ್ಪಲ್ಲ, ಕತೆಯೇ ಅದು.

ಮೋಡ, ವೀಣೆ, ಅಪ್ಸರೆಯರು, ಕಲ್ಪವೃಕ್ಷ ಪೆಟ್ಟಿಗೆಯಲ್ಲಿ ಇಲ್ಲವೆಂದು ದೂರು ಕೊಡಬೇಡಿ. ಚಿನ್ನದ ಬೀದಿ ಬೈಬಲಿನ ಕೊನೆಯ ಪುಸ್ತಕದ್ದು, ಈ ಮಾದರಿಗೆ ಸೇರಿದ್ದಲ್ಲ.

ಸೇರು, ಬಳ್ಳ, ತಕ್ಕಡಿ, ಹಾಜರಿ ಪುಸ್ತಕ, ಸಾಲದ ಕಾಗದ ಇವನ್ನು ಕೈಗೆ ಸಿಗದಂತೆ ಎತ್ತಿಡಿ. ಕಾರಣ ಮುಂದೆ ತಿಳಿಯುತ್ತದೆ.

2. ಹೆಸರಿನ ಬಗ್ಗೆ ಎಚ್ಚರಿಕೆ

ಕನ್ನಡದಲ್ಲಿ ಪರಲೋಕ ಎಂದ ಕೂಡಲೇ ತಿಥಿಯೂಟ ನೆನಪಾಗುತ್ತದೆ. ‘ಪರಲೋಕ ಸೇರಿದರು’ ಎಂದರೆ ಪಡಿತರ ಚೀಟಿಯಿಂದ ಹೆಸರು ತೆಗೆಸಬೇಕಾಯಿತು ಎಂದರ್ಥ. ಹಾಗಾಗಿ ಇದು ಸತ್ತ ಮೇಲೆ ಬಳಸುವ ಸಾಮಾನೆಂದು ಬಹಳ ಮಂದಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈಚಿನ ಅನುವಾದದವರು ‘ಸ್ವರ್ಗಸಾಮ್ರಾಜ್ಯ’ ಎಂದು ಮಾಡಿಕೊಂಡರು. ಆಗ ಇಂದ್ರನ ಒಡ್ಡೋಲಗ ಕಣ್ಣಮುಂದೆ ಬಂತು.

ನಡೆದಿದ್ದು ಇಷ್ಟು. ಯೇಸುವಿನ ಕತೆಗಳನ್ನು ಬರೆದಿಟ್ಟವರಲ್ಲಿ ಮಾರ್ಕ, ಲೂಕರು ‘ದೇವರ ರಾಜ್ಯ’ ಎಂದು ಬರೆಯುತ್ತಾರೆ. ಮತ್ತಾಯನದು ಯೆಹೂದಿ ಮನೆತನದ ಸಂಕೋಚ. ದೇವರ ಹೆಸರನ್ನು ಬಾಯಿಬಿಟ್ಟು ಹೇಳದೆ ಹೆಚ್ಚು ಕಡೆ ‘ಮೇಲಿನದು’ ಎಂದು ಕೈತೋರಿಸಿ ಬಿಡುತ್ತಾನೆ. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ‘ನಮ್ಮನೇರು’ ಎನ್ನುತ್ತಿದ್ದರಲ್ಲ, ಹಾಗೆ. ‘ನಮ್ಮನೇರು’ ಎಂಬ ಊರು ಎಲ್ಲಿದೆ ಎಂದು ಯಾರಾದರೂ ಬಸ್ ಹತ್ತಿ ಹುಡುಕಿದರೆ ಹೇಗೋ, ಪರಲೋಕರಾಜ್ಯದ ವಿಳಾಸ ಕೇಳುವುದೂ ಹಾಗೆಯೇ. ಅದು ಊರಲ್ಲ, ಒಬ್ಬ ಯಜಮಾನನ ಮಾತು ನಡೆಯುವ ರೀತಿ. ‘ಎಲ್ಲಿ’ ಎಂದು ಕೇಳಿದವರಿಗೆಲ್ಲ ಯೇಸು ‘ಹೇಗೆ’ ಎಂದು ಉತ್ತರ ಕೊಟ್ಟ. ಆ ಉತ್ತರಗಳಿಗೆ ಹಳೆಯ ಕನ್ನಡ ಬೈಬಲು ಇಟ್ಟ ಹೆಸರು ಸಾಮ್ಯ. ಇದು ಅದರ ಹಾಗೆ, ಅಷ್ಟೇ.

3. ಬಿತ್ತನೆ

ಮೊದಲ ಹಂತದಲ್ಲೇ ಕೃಷಿ ಇಲಾಖೆಯವರು ಬೈಯುವಂಥ ಕೆಲಸವಿದೆ. ಕತೆಯ ರೈತ ಬೀಜ ಎರಚುತ್ತಾ ಹೋಗುತ್ತಾನೆ. ಕೆಲವು ದಾರಿಯ ಮೇಲೆ ಬಿದ್ದವು, ಹಕ್ಕಿ ತಿಂದವು. ಕೆಲವು ಮಣ್ಣು ತೆಳುವಾದ ಬಂಡೆಯ ಮೇಲೆ ಬಿದ್ದವು, ಬೇಗ ಮೊಳೆತು ಬೇಗ ಬಾಡಿದವು. ಕೆಲವು ಮುಳ್ಳಿನಲ್ಲಿ ಬಿದ್ದವು, ಮುಳ್ಳೇ ಗೆದ್ದಿತು. ಉಳಿದವು ಒಳ್ಳೆಯ ನೆಲದಲ್ಲಿ ಬಿದ್ದು ಮೂವತ್ತು, ಅರವತ್ತು, ನೂರರಷ್ಟು ಕೊಟ್ಟವು.

ನಮ್ಮಲ್ಲಿ ಕೂರಿಗೆ ಇದೆ. ಸಾಲು ಹಿಡಿದು, ಸಡ್ಡೆಯಲ್ಲಿ ಅಕ್ಕಡಿ ಕಾಳು ಬಿಟ್ಟು, ಬೀಜ ಬೀಜಕ್ಕೂ ಲೆಕ್ಕ ಇಡುವವರು ನಾವು. ಕಡ್ಲೆಕಾಯಿ ಬಿತ್ತನೆ ಬೀಜದ ಬೆಲೆ ಕಂಡವರು ಯಾರೂ ದಾರಿಗೆ ಎರಚುವುದಿಲ್ಲ. ಬಂಡೆ ಬೇಕೇ, ಮಧುಗಿರಿ ಕಡೆ ತಲೆಯೆತ್ತಿದರೆ ಏಕಶಿಲೆಯ ಬೆಟ್ಟವೇ ನಿಂತಿದೆ. ಮುಳ್ಳು ಬೇಕೇ, ಶಿರಾದಿಂದ ಪಾವಗಡದವರೆಗೆ ಕೆರೆಯಂಗಳಗಳೆಲ್ಲ ಬಳ್ಳಾರಿ ಜಾಲಿಯದೇ. ಇವೆರಡೂ ಇಷ್ಟು ಧಾರಾಳವಾಗಿರುವ ನೆಲದಲ್ಲಿ ಆ ರೈತನಂತೆ ಬಿತ್ತಿದರೆ ಮುಂದಿನ ವರ್ಷ ಬೆಂಗಳೂರಿನ ಯಾವುದಾದರೂ ಕಟ್ಟಡದ ಕೆಳಗೆ ಕಾವಲುಗಾರನಾಗಿ ಕೂರಬೇಕಾಗುತ್ತದೆ.

ಆದರೂ ಕೈಪಿಡಿ ಹಾಗೆಯೇ ಹೇಳುತ್ತದೆ. ನೆಲದ ಯೋಗ್ಯತೆ ಪರೀಕ್ಷಿಸಿ ಬಿತ್ತು ಎನ್ನುವುದಿಲ್ಲ. ಪ್ರವಚನಕಾರರು ‘ನೀವು ಯಾವ ನೆಲ’ ಎಂದು ಕೇಳುತ್ತಾರೆ. ಅದು ಸರಿಯೇ, ಯೇಸುವೂ ಹಾಗೆ ಬಿಡಿಸಿ ಹೇಳಿದ್ದುಂಟು. ಆದರೆ ರೈತನ ಕಣ್ಣಿಗೆ ಮೊದಲು ಬೀಳುವುದು ಆ ಬಿತ್ತುವವನ ದುಂದು. ಬಂಡೆಗೂ ಒಂದು ಹಿಡಿ ಬೀಜ ಸಿಕ್ಕಿತು. ಇಲ್ಲಿಗೆ ಕೂರಿಗೆಯನ್ನು ಕೆಳಗಿಡಿ.

ಬಿತ್ತಿದ ಮೇಲೆ ಏನು ಮಾಡಬೇಕು? ಮಾರ್ಕನ ಪುಟದಲ್ಲಿ ಉತ್ತರವಿದೆ: ಮಲಗಿ ನಿದ್ದೆ ಮಾಡಿ. ರೈತ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಪೈರು ಹೇಗೆ ಬೆಳೆಯಿತೋ ಅವನಿಗೇ ತಿಳಿಯದು. ಮಳೆಗಾಗಿ ಮುಗಿಲು ನೋಡಿ ನೋಡಿ ನಿದ್ದೆ ಕೆಟ್ಟ ಸೀಮೆಯವರಿಗೆ ಈ ಹಂತವೇ ಎಲ್ಲಕ್ಕಿಂತ ಕಷ್ಟ.

4. ಕಳೆ ತೆಗೆಯುವುದು (ತೆಗೆಯಬೇಡಿ)

ಹುಲಿಕುಂಟೆಯ ‘ಕುಂಟೆ’ ಎಂದರೆ ನೀರು ನಿಲ್ಲುವ ತಗ್ಗು. ಹೊಲದಲ್ಲಿ ಕಳೆ ಕೀಳಲು ಎತ್ತಿಗೆ ಕಟ್ಟುವುದೂ ಕುಂಟೆಯೇ. ಈ ಎರಡನೆಯ ಕುಂಟೆಯನ್ನು ಸದ್ಯ ಕೊಟ್ಟಿಗೆಯಲ್ಲಿ ಒರಗಿಸಿಡಿ.

ಗೋಧಿ ಹೊಲದಲ್ಲಿ ರಾತ್ರೋರಾತ್ರಿ ವೈರಿಯೊಬ್ಬ ಹಣಜಿ ಎಂಬ ಕಳೆ ಬಿತ್ತಿ ಹೋದ. ಆಳುಗಳು ಕಿತ್ತುಹಾಕಲೇ ಎಂದು ಕೇಳಿದರು. ಬೇಡ, ಸುಗ್ಗಿಯ ತನಕ ಎರಡೂ ಬೆಳೆಯಲಿ ಎಂದ ಯಜಮಾನ. ಹಣಜಿ ತೆನೆ ಬಿಡುವ ತನಕ ಗೋಧಿಯಂತೆಯೇ ಕಾಣುತ್ತದೆ. ರಾಗಿ ಹೊಲದಲ್ಲಿ ಕಾಡುರಾಗಿ ಎದ್ದಾಗ ನಾವು ಪಡುವ ಪಾಡೇ ಅದು. ಹೊಸಬನನ್ನು ಕಳೆ ಕೀಳಲು ಬಿಟ್ಟರೆ ಸಂಜೆಗೆ ಬದುವಿನ ಮೇಲೆ ಅರ್ಧ ರಾಗಿ ಪೈರೇ ಗುಡ್ಡೆ ಬಿದ್ದಿರುತ್ತದೆ.

ಪೈರು ಯಾವುದು, ಕಳೆ ಯಾವುದು ಎಂದು ನೋಡಿದ ಕೂಡಲೇ ಹೇಳಬಲ್ಲೆ ಎನ್ನುವ ಆತ್ಮವಿಶ್ವಾಸಿಗಳು ಪ್ರತಿ ಊರಿನ ಅರಳಿಕಟ್ಟೆಯಲ್ಲೂ ಇರುತ್ತಾರೆ. ಗುಡಿಯಲ್ಲೂ ಇದ್ದಾರೆ, ಮಸೀದಿಯಲ್ಲೂ ಇದ್ದಾರೆ, ಚರ್ಚಿನ ಸಮಿತಿಯಲ್ಲಂತೂ ಇದ್ದೇ ಇದ್ದಾರೆ. ಈ ಉಪಕರಣವನ್ನು ಅವರ ಕೈಗೆ ಸಿಗದಂತೆ ಇಡಿ.

5. ಸಾಸಿವೆ ಮತ್ತು ಹೆಪ್ಪು

ಪರಲೋಕರಾಜ್ಯಕ್ಕೆ ಹೋಲಿಕೆಯಾಗಿ ದೇವದಾರು ಮರವನ್ನು ಕೊಡಬಹುದಿತ್ತು, ಹಳೆಯ ಪ್ರವಾದಿಗಳು ಕೊಟ್ಟಿದ್ದರು. ಯೇಸು ಸಾಸಿವೆ ಆರಿಸಿಕೊಂಡ. ಅವನ ನಾಡಿನ ಸಾಸಿವೆ ಆಳೆತ್ತರ ಮೀರಿ ಬೆಳೆಯಬಹುದು, ಹಕ್ಕಿ ಬಂದು ಕೂರಬಹುದು, ಒಮ್ಮೆ ನೆಲ ಸೇರಿದರೆ ಪೂರ್ತಿ ತೆಗೆಯುವುದು ಕಷ್ಟ. ಯೆಹೂದಿ ಕಟ್ಟಳೆ ಅದನ್ನು ತರಕಾರಿ ಮಡಿಯಲ್ಲಿ ಬಿತ್ತಬಾರದೆಂದೇ ಹೇಳುತ್ತಿತ್ತು. ನಮ್ಮ ರಾಗಿ ಹೊಲದಲ್ಲಿ ಸಾಸಿವೆ ಅಕ್ಕಡಿ ಬೆಳೆ. ಪಹಣಿಯ ಬೆಳೆ ಕಾಲಮ್ಮಿನಲ್ಲಿ ಅದರ ಹೆಸರು ಕಾಣುವುದು ಅಪರೂಪ. ಲೆಕ್ಕಕ್ಕೆ ರಾಗಿ, ಒಗ್ಗರಣೆಗೆ ಸಾಸಿವೆ. ಪಹಣಿಗೆ ಬಾರದ ಬೆಳೆಯನ್ನು ರಾಜ್ಯ ಎಂದು ಕರೆದವನ ತಮಾಷೆ ನಮಗೆ ಅರ್ಥವಾಗಬೇಕು.

ಹುಳಿಹಿಟ್ಟಿನ ಕತೆಯದೂ ಇದೇ ದಾರಿ. ಪಸ್ಕ ಹಬ್ಬ ಬಂತೆಂದರೆ ಯೆಹೂದಿ ಮನೆಗಳಲ್ಲಿ ಹುಳಿಹಿಟ್ಟನ್ನು ಮೂಲೆ ಮೂಲೆಯಿಂದ ಗುಡಿಸಿ ಹೊರಗೆ ಹಾಕುತ್ತಿದ್ದರು. ಅಂಥದ್ದನ್ನೇ ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಟ್ಟಳಂತೆ. ‘ಸೇರು’ ಎಂದು ಓದಿ ಮೋಸಹೋಗಬೇಡಿ. ಆ ಕಾಲದ ಅಳತೆಯಲ್ಲಿ ಅದು ನೂರು ಜನ ಉಣ್ಣುವಷ್ಟು ಹಿಟ್ಟು. ನಮ್ಮಲ್ಲಾದರೆ ಹೆಪ್ಪು ಎನ್ನುತ್ತಿದ್ದೆವು. ಪಕ್ಕದ ಮನೆಯಿಂದ ಅಂಗೈಯಗಲದ ಬಟ್ಟಲಲ್ಲಿ ತಂದ ಒಂದು ಚಮಚ ಮಜ್ಜಿಗೆ, ಬೆಳಗಾಗುವುದರೊಳಗೆ ಗಡಿಗೆ ಹಾಲನ್ನು ಗಟ್ಟಿ ಮೊಸರು ಮಾಡಿರುತ್ತದೆ. ಎಷ್ಟು ಕೊಟ್ಟೆವೆಂದು ಪಕ್ಕದ ಮನೆಯವರು ಬರೆದಿಡುವುದಿಲ್ಲ.

ಸೂಚನೆ: ಹೆಪ್ಪು ಹಾಕಿದ ಮೇಲೆ ಆಗಾಗ ಮುಚ್ಚಳ ತೆಗೆದು ಕಲಕಿ ನೋಡಬೇಡಿ.

6. ನಿಧಿ, ಮುತ್ತು, ಬಲೆ

ಒಬ್ಬ ಬೇರೆಯವರ ಹೊಲದಲ್ಲಿ ನಿಧಿ ಕಂಡ, ಮತ್ತೆ ಮುಚ್ಚಿಟ್ಟ, ಸಂತೋಷದಿಂದ ಇದ್ದಬದ್ದದ್ದೆಲ್ಲ ಮಾರಿ ಆ ಹೊಲವನ್ನೇ ಕೊಂಡ. ಈ ಹಂತವನ್ನು ಅಕ್ಷರಶಃ ಪಾಲಿಸಬೇಡಿ. ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯ್ದೆ ಇದೆ. ಪಾಳೆಯಗಾರರ ಕೋಟೆಗಳಿರುವ ಸೀಮೆಯಲ್ಲಿ ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಹೋಗುವವರಿಗೆ ಈ ಕತೆ ಪ್ರೋತ್ಸಾಹವಾಗಬಾರದು.

ನಿಧಿ ನೆಲದಡಿಯಲ್ಲೇ ಇರಬೇಕೆಂದೂ ಇಲ್ಲ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2018ರಲ್ಲಿ ಶುರುವಾದ ಸೌರ ಪಾರ್ಕ್ ಇಂದು 2,050 ಮೆಗಾವಾಟ್ ಸಾಮರ್ಥ್ಯದ್ದು. ತಲೆತಲಾಂತರ ನಾವು ಶಾಪ ಹಾಕಿದ ಬಿಸಿಲೇ ನಿಧಿಯಾಗಿ ಹೊರಬಂತು. ಹೊಲ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದೇ ಹೊಲಗಳಲ್ಲಿ ಕಡ್ಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದವರಿಗೆ ಬಿತ್ತನೆಯೂ ಇಲ್ಲ, ಕೂಲಿಯೂ ಇಲ್ಲ. ಅವರ ಕತೆ ಮುಂದಿನ ಹಂತದಲ್ಲಿದೆ.

ಮುತ್ತಿನ ವಿಷಯ ನಿಧಿಯಂತೆಯೇ. ಬಲೆಗೆ ಮೊದಲು ಕೆರೆ ತುಂಬಲಿ.

7. ಕೂಲಿ ಬಟವಾಡೆ

ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಆರಕ್ಕೆ ಪೇಟೆಗೆ ಹೋಗಿ ಒಂದು ದಿನಾರಿಗೆ ಮಾತಾಡಿ ಆಳು ಕರೆತಂದ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಮತ್ತಷ್ಟು ಜನರನ್ನು ಕರೆತಂದ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇದ್ದರು. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದರು. ಅವರನ್ನೂ ಕರೆತಂದ. ಆರು ಗಂಟೆಗೆ ಬಟವಾಡೆ. ಎಲ್ಲರಿಗೂ ಒಂದೊಂದೇ ದಿನಾರಿ.

ಬೆಳಿಗ್ಗೆಯವರು ಕೂಗಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಮೊದಲೇ ಕೊಟ್ಟು ಕಳಿಸಿದ್ದರೆ ಯಾವ ಗಲಾಟೆಯೂ ಇರುತ್ತಿರಲಿಲ್ಲ, ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಯಜಮಾನ ಬೇಕೆಂದೇ ಕೊನೆಯವರಿಂದ ಶುರುಮಾಡಿದ, ಎಲ್ಲರೂ ನೋಡುವಂತೆ. ತಮ್ಮ ಕೈಯಲ್ಲಿದ್ದದ್ದು ಕಡಿಮೆಯಾಗಿ ಅವರಿಗೆ ನೋವಾಗಲಿಲ್ಲ, ಪಕ್ಕದವನ ಕೈಯಲ್ಲಿದ್ದದ್ದನ್ನು ಕಂಡು ನೋವಾಯಿತು.

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಬುತ್ತಿ ಹಿಡಿದು ನಿಂತು, ಆಟೋ ತುಂಬಿ ಹೋದ ಮೇಲೂ ನಿಂತೇ ಇರುವವರನ್ನು ನೋಡಿದ್ದೀರಲ್ಲ? ವಯಸ್ಸಾದವರು, ಕೈ ನಡುಗುವವರು, ಕಂಕುಳಲ್ಲಿ ಕೂಸಿರುವವರು. ಸಂಜೆ ಐದರ ತನಕ ಉಳಿದವರು ಅವರೇ. ಒಂದು ದಿನಾರಿ ಎಂದರೆ ಒಂದು ಮನೆಯ ಒಂದು ದಿನದ ಊಟ. ಒಂದು ಗಂಟೆ ದುಡಿದವನ ಮಕ್ಕಳಿಗೆ ಹಸಿವೇನು ಹನ್ನೆರಡರಲ್ಲಿ ಒಂದು ಭಾಗವಾಗುತ್ತದೆಯೇ? ಹಾಜರಿ ಪುಸ್ತಕವನ್ನು ಕೆಳಗಿಡಿ.

8. ಸಾಲ ಮನ್ನಾ

ಬೈಬಲಿನಲ್ಲೂ ಒಂದು ಮನ್ನ ಇದೆ, ಅರಣ್ಯದಲ್ಲಿ ಆಕಾಶದಿಂದ ಬಿದ್ದ ಆಹಾರ. ನಮ್ಮ ಮನ್ನಾ ಬೇರೆ, 2018ರಲ್ಲಿ ಎರಡು ಲಕ್ಷದವರೆಗಿನ ಬೆಳೆಸಾಲಕ್ಕೆ ಘೋಷಣೆಯಾದಂಥದ್ದು. ಎರಡು ಪದಕ್ಕೂ ನಂಟಿಲ್ಲ. ಆದರೆ ಅರಣ್ಯದ ಮನ್ನವನ್ನು ನಾಳೆಗೆಂದು ಕೂಡಿಟ್ಟರೆ ಹುಳ ಬೀಳುತ್ತಿತ್ತು. ಮುಂದಿನ ಕತೆಯಲ್ಲಿ ಸಾಲದ ಮನ್ನಾಕ್ಕೂ ಹುಳ ಬಿದ್ದಿದ್ದನ್ನು ನೋಡಬಹುದು.

ರಾಜನಿಗೆ ಒಬ್ಬ ಆಳು ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಟ್ಟು ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ನರೇಗಾ ಕೂಲಿ 370 ರೂಪಾಯಿಯಂತೆ ಲೆಕ್ಕ ಹಾಕಿದರೆ 2,220 ಕೋಟಿ. ‘ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ತೀರಿಸ್ತೀನಿ’ ಎಂದು ಅವನು ಅಡ್ಡಬಿದ್ದ. ಸಾಲಗಾರರ ಮಾತು ಎಲ್ಲ ದೇಶದಲ್ಲೂ ಒಂದೇ. ರಾಜ ಮರುಗಿ ಅಷ್ಟನ್ನೂ ಬಿಟ್ಟ.

ಹೊರಗೆ ಬಂದವನಿಗೆ ಎದುರಾದವನು ನೂರು ದಿನಾರಿ ಕೊಡಬೇಕಿದ್ದ ಜೊತೆಯ ಆಳು. ಅದು ಸರಿಯಾಗಿ ಆ ವರ್ಷದ ನರೇಗಾದ ನೂರು ದಿನದ ಕೂಲಿ, 37,000 ರೂಪಾಯಿ. ಅವನ ಕುತ್ತಿಗೆ ಹಿಡಿದ, ಸೆರೆಗೆ ಹಾಕಿಸಿದ. ಸುದ್ದಿ ರಾಜನ ಕಿವಿಗೆ ಬಿತ್ತು, ಮನ್ನಾ ರದ್ದಾಯಿತು. ಈ ಉಪಕರಣಕ್ಕಿರುವ ಮುಖ್ಯ ಷರತ್ತು ಇದೊಂದೇ: ಮೇಲಿನಿಂದ ಬಂದದ್ದು ಕೆಳಕ್ಕೆ ಹರಿಯಬೇಕು. ಹೊರಹೋಗುವ ಪೈಪು ಕಟ್ಟಿಕೊಂಡರೆ ಮೋಟಾರ್ ಸುಡುತ್ತದೆ.

9. ದೋಷ ಪತ್ತೆ

ದೋಷ: ದೀಪ ಉರಿಯುತ್ತಿಲ್ಲ.
ಕಾರಣ: ಮದುವೆಗೆ ಹತ್ತು ಹುಡುಗಿಯರು ಕಾದಿದ್ದರು. ಮದುಮಗ ಬಂದದ್ದು ನಡುರಾತ್ರಿ. ಐವರು ಹೆಚ್ಚುವರಿ ಎಣ್ಣೆ ತಂದಿರಲಿಲ್ಲ. ಕರೆಂಟು ರಾತ್ರಿ ಯಾವಾಗ ಬರುತ್ತದೋ ಎಂದು ಕಾದು ಹೊಲಕ್ಕೆ ನೀರು ಹಾಯಿಸುವ ನಮಗೆ ಇದನ್ನು ವಿವರಿಸಬೇಕಿಲ್ಲ. ಪಾವಗಡದ ಅಷ್ಟೂ ಸೌರ ಫಲಕಗಳು ಆ ಹೊತ್ತಿನಲ್ಲಿ ಒಂದು ಹೊಂಗೆ ಎಣ್ಣೆಯ ಹಣತೆಗೆ ಸಮವಲ್ಲ.

ದೋಷ: ಊಟಕ್ಕೆ ಕರೆದವರು ಬರುತ್ತಿಲ್ಲ.
ಕಾರಣ: ಒಬ್ಬ ಹೊಲ ಕೊಂಡಿದ್ದಾನೆ, ನೋಡಲು ಹೋಗಬೇಕಂತೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ, ಹೂಡಿ ನೋಡಬೇಕಂತೆ. ಎರಡೂ ಸುಳ್ಳು. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಹಲ್ಲು ನೋಡಿ, ನಡೆಸಿ ನೋಡಿ, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುವ ನಾವು, ಕೊಂಡ ಮೇಲೆ ಎತ್ತು ನೋಡಲು ಹೊರಟವನನ್ನು ನಂಬುತ್ತೇವೆಯೇ?
ಪರಿಹಾರ: ಬೀದಿಯಲ್ಲಿದ್ದವರನ್ನು ಕರೆಯಿರಿ.

ದೋಷ: ತಲಾಂತು ನೆಲದಲ್ಲಿ ಹೂತಿಟ್ಟರೂ ಬೆಳೆದಿಲ್ಲ.
ಕಾರಣ: ನಿಧಿ ಕಂಡವನು ಸಂತೋಷಕ್ಕೆ ಹೂತಿಟ್ಟ, ನೀವು ಹೆದರಿಕೆಗೆ ಹೂತಿಟ್ಟಿರಿ. ಟಿವಿಯ ಟ್ಯಾಲೆಂಟ್ ಶೋಗಳ ಟ್ಯಾಲೆಂಟ್ ಈ ಕತೆಯಿಂದಲೇ ಬಂದ ಪದ. ಆದರೆ ಯಜಮಾನ ದುಡಿಸೆಂದು ಕೊಟ್ಟಾಗ ಕತೆಯ ಆಳು ಹೂತಿಟ್ಟಿದ್ದು ಹಾಡುವ ಕಂಠವನ್ನಲ್ಲ, ಇಪ್ಪತ್ತು ವರ್ಷದ ಕೂಲಿಯನ್ನು.

ದೋಷ: ಕುರಿ ಒಂದು ಕಡಿಮೆ ಇದೆ.
ಪರಿಹಾರ: ತೊಂಬತ್ತೊಂಬತ್ತು ಬಿಟ್ಟು ಹುಡುಕಲು ಹೋಗಿ. ಇದು ದಡ್ಡತನ ಎಂದು ಪೇಟೆಯವರು ಹೇಳುತ್ತಾರೆ. ಜುಂಜಪ್ಪನ ಪದ ಹಾಡುವ ಕಾಡುಗೊಲ್ಲರನ್ನೋ ಬೆಟ್ಟದ ತಪ್ಪಲಿನ ಕುರುಬರನ್ನೋ ಕೇಳಿ. ಕಳೆದದ್ದು ಒಂದಲ್ಲ, ಇಂಥದ್ದು ಎಂದು ಅದರ ಬಣ್ಣ, ಕಿವಿ, ತಾಯಿ ಸಮೇತ ಹೇಳುತ್ತಾರೆ.

10. ಕೊನೆಯ ತಪಾಸಣೆ

ಇಲ್ಲಿಯವರೆಗೆ ಅಳತೆ ಸಾಮಾನು ಕೆಳಗಿಡಿ ಎಂದೆ. ಕೊನೆಯ ಕತೆಯಲ್ಲಿ ರಾಜ ತಾನೇ ತಕ್ಕಡಿ ತೆಗೆಯುತ್ತಾನೆ. ಕುರಿಗಳನ್ನು ಬಲಕ್ಕೆ, ಆಡುಗಳನ್ನು ಎಡಕ್ಕೆ ನಿಲ್ಲಿಸುತ್ತಾನೆ. ದೂರದಿಂದ ಎರಡೂ ಒಂದೇ ಮಂದೆ. ಕಾಯುವವನಿಗೆ ಮಾತ್ರ ಗುರುತು ಗೊತ್ತು: ಬಾಲ ಇಳಿಬಿದ್ದರೆ ಕುರಿ, ನಿಮಿರಿದ್ದರೆ ಆಡು.

ರಾಜನ ಗುರುತು ಬಾಲದಲ್ಲಿಲ್ಲ. ನನಗೆ ಹಸಿದಾಗ ಅನ್ನ ಕೊಟ್ಟಿರಾ, ಬಾಯಾರಿದಾಗ ನೀರು ಕೊಟ್ಟಿರಾ, ಪರದೇಶಿಯಾಗಿದ್ದಾಗ ಜಾಗ ಕೊಟ್ಟಿರಾ, ಬಟ್ಟೆ ಕೊಟ್ಟಿರಾ, ಕಾಯಿಲೆಯಲ್ಲೂ ಸೆರೆಯಲ್ಲೂ ಬಂದು ನೋಡಿದಿರಾ? ಯಾವ ದೇವರ ಹೆಸರು ಹೇಳುತ್ತಿದ್ದಿರಿ ಎಂಬುದು ಈ ಪಟ್ಟಿಯಲ್ಲಿಲ್ಲ. ಕತೆಯ ಸೊಗಸು ಮುಂದಿದೆ. ಎಡದವರಷ್ಟೇ ಬಲದವರೂ ಬೆಚ್ಚುತ್ತಾರೆ. ನಾವು ನಿನಗೆ ಯಾವಾಗ ಕೊಟ್ಟೆವು ಎಂದು ಕೇಳುತ್ತಾರೆ. ಅವರು ಬರೆದಿಟ್ಟುಕೊಂಡಿರಲೇ ಇಲ್ಲ. ಲೆಕ್ಕ ಇತ್ತು, ಅವರ ಕೈಯಲ್ಲಿ ಇರಲಿಲ್ಲ. ಕೂರಿಗೆ, ಕುಂಟೆ, ಹಾಜರಿ ಪುಸ್ತಕಗಳನ್ನು ಕೆಳಗಿಡಿಸಿದ್ದು ಇದಕ್ಕೇ.

11. ವಾರಂಟಿ

ಇಲ್ಲ. ಮಳೆಗೂ ಇಲ್ಲವಲ್ಲ.

ಮೇಲಿನ ಹತ್ತು ಹಂತ ಓದಿ ತಲೆ ಕೆಟ್ಟಿದ್ದರೆ ಒಂದೇ ಒಂದು ಕೆಲಸ ಮಾಡಿ ನೋಡಿ. ನಮ್ಮದು ಫ್ಲೋರೈಡ್ ನೀರಿನ ಸೀಮೆ. ಪಾವಗಡ, ಶಿರಾದ ಹಳ್ಳಿಗಳಲ್ಲಿ ಹಳದಿಗಟ್ಟಿದ ಹಲ್ಲು, ಬಾಗಿದ ಮೂಳೆ ಕಂಡವರಿಗೆ ‘ಬಾಯಾರಿದವನಿಗೆ ನೀರು’ ಬರಿಯ ಉಪಮೆಯಲ್ಲ. ಬರುವ ಬೇಸಗೆಯಲ್ಲಿ ಹುಣಸೆ ಮರದಡಿ ಒಂದು ಅರವಟ್ಟಿಗೆ ಇಡಿ. ನಮ್ಮ ನಾಡಿನ ಶಾಸನಗಳಲ್ಲೇ ಇರುವ ಹಳೆಯ ಪದ್ಧತಿ ಅದು, ಯಾವ ಮಿಷನರಿಯೂ ಕಲಿಸಿದ್ದಲ್ಲ. ಶುದ್ಧ ನೀರಿನ ಘಟಕದಿಂದ ತಂದು ತುಂಬಿಸಿ. ಕೆಲವರಿಗೆ ಲೋಟ, ಕೆಲವರ ಬೊಗಸೆಗೆ ಮೇಲಿಂದ ಸುರಿಯುವುದು, ಆ ಭೇದ ಬೇಡ. ಎಲ್ಲರಿಗೂ ಒಂದೇ ಲೋಟ ಇಡಿ. ಎಷ್ಟು ಜನ ಕುಡಿದರೆಂದು ಬರೆಯುವ ಪುಸ್ತಕ ಇಡಬೇಡಿ.